ಕತ್ತಲೆಯನ್ನು ಅಳಿಸಬೇಡಿ: ಎಚ್‌ಡಿಆರ್ ಫೋಟೊ ಹದವಾಗಿ ಮಾಡುವ ಬಗೆ

ಬಾದಾಮಿಯ ಮೂರನೇ ಗುಹೆ. ಬೆಳಿಗ್ಗೆ ಹತ್ತೂವರೆ ಇರಬಹುದು. ಪಡಸಾಲೆಯಲ್ಲಿ ನಿಂತರೆ ಕಾಲ ಕೆಳಗೆ ಕಲ್ಲು ತಣ್ಣಗೆ, ಒಂದು ಗೋಡೆಯಲ್ಲಿ ಆದಿಶೇಷನ ಸುರುಳಿಯ ಮೇಲೆ ಕೂತ ವಿಷ್ಣು, ಇನ್ನೊಂದು ಕಡೆ ಕಾಲೆತ್ತಿದ ತ್ರಿವಿಕ್ರಮ, ಕಂಬಗಳ ಆಚೆ ಕಣ್ಣು ಕುಕ್ಕುವ ಬಿಸಿಲು, ಅದರ ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು. ನನ್ನ ಕಣ್ಣಿಗೆ ಒಳಗಿನ ವಿಷ್ಣುವೂ ಕಾಣುತ್ತಿದ್ದ, ಹೊರಗಿನ ನೀರೂ ಕಾಣುತ್ತಿತ್ತು. ಕ್ಯಾಮೆರಾ ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೋ ಅನ್ನುತ್ತಿತ್ತು. ವಿಷ್ಣುವಿಗೆ ಬೆಳಕು ಕೊಟ್ಟರೆ ಹೊರಗೆಲ್ಲ ಬರೀ ಬಿಳಿ. ನೀರಿಗೆ ಅಳತೆ ಮಾಡಿದರೆ ಗುಹೆಯೆಲ್ಲ ಮಸಿ.

ಆವತ್ತು ಐದು ಫೋಟೊ ತೆಗೆದು, ಮನೆಗೆ ಬಂದು ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಮಾಡಿದೆ, ಅಂದರೆ ಬೇರೆ ಬೇರೆ ಬೆಳಕಿನ ಆ ಫೋಟೊಗಳನ್ನು ಒಂದಾಗಿ ಸೇರಿಸಿದೆ. ಎಲ್ಲ ಮೂಲೆಯೂ ಕಾಣುವ ಹಾಗೆ ಸ್ಲೈಡರ್ ಎಳೆದೆ, ಒಂದೊಂದು ಉಳಿಯ ಗುರುತೂ ಎದ್ದು ಬರುವ ಹಾಗೆ. ಖುಷಿಯಿಂದ ಅಮ್ಮನಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಗುಹೆ ಒಳಗೆ ಟ್ಯೂಬ್‌ಲೈಟ್ ಹಾಕಿದ್ದಾರೇನೋ?" ಅಂತ ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಂಡೆ ಕೊರೆದು ಮಾಡಿದ ಜಾಗ ಅದು. ಅಲ್ಲಿ ಕಣ್ಣು ಮೆಲ್ಲಗೆ ಕತ್ತಲೆಗೆ ಹೊಂದಿಕೊಂಡು, ಆಮೇಲೆ ವಿಷ್ಣುವಿನ ಮುಖ ಮೂಡಿ ಬರಬೇಕು. ನಾನು ಆ ಕತ್ತಲೆಯನ್ನೇ ಒರೆಸಿ ಹಾಕಿದ್ದೆ.

ಎಚ್‌ಡಿಆರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದಿಲ್ಲದೆ ಆ ಜಾಗದ ಫೋಟೊ ನನಗೆ ಸಿಗುತ್ತಲೇ ಇರಲಿಲ್ಲ. ಪಾಕದ ಹಾಗೆ, ಇದರಲ್ಲೂ ಹದ ಮುಖ್ಯ. ಆ ಹದಕ್ಕೆ ಹೇಗೆ ಬರಬೇಕು ಅನ್ನುವುದನ್ನು ಕ್ಯಾಮೆರಾ ಹಿಡಿಯುವಲ್ಲಿಂದ ಪ್ರಿಂಟ್ ಹಾಕಿಸುವವರೆಗೆ, ಅದೇ ಮೂರನೇ ಗುಹೆಯನ್ನು ಇಟ್ಟುಕೊಂಡು ಹೇಳುತ್ತೇನೆ.

ಕ್ಯಾಮೆರಾಗೆ ಯಾಕೆ ಆಗುವುದಿಲ್ಲ

ಬೆಳಕನ್ನು ನಾವು ಸ್ಟಾಪ್ ಲೆಕ್ಕದಲ್ಲಿ ಅಳೆಯುತ್ತೇವೆ. ಒಂದು ಸ್ಟಾಪ್ ಅಂದರೆ ದುಪ್ಪಟ್ಟು. ಆವತ್ತು ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಅಳತೆ) 100, ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ) ಎಫ್ 8 ಇಟ್ಟಾಗ ಹೊರಗಿನ ಬಿಸಿಲಿಗೆ ಷಟರ್ 1/500 ಸೆಕೆಂಡ್ ತೆರೆದಿರಬೇಕಿತ್ತು, ಒಳಗಿನ ಗೋಡೆಗೆ ಅರ್ಧ ಸೆಕೆಂಡ್. ಅಂದರೆ 8 ಸ್ಟಾಪ್ ಅಂತರ. 8 ಸಲ ದುಪ್ಪಟ್ಟು ಮಾಡಿ ನೋಡಿ, 256 ಪಟ್ಟು ಆಗುತ್ತದೆ. ಇದು ಬರೀ ಹೊರಗಿನ ಸಾಧಾರಣ ಬೆಳಕಿಗೂ ಒಳಗಿನ ಸಾಧಾರಣ ಬೆಳಕಿಗೂ ಇರುವ ಅಂತರ. ಹೊರಗೆ ಮೋಡದ ಬಿಳಿ ಇನ್ನೂ ಮೇಲಿದೆ, ಒಳಗೆ ಮೂರ್ತಿಯ ಹಿಂದಿನ ಸಂದು ಇನ್ನೂ ಕೆಳಗಿದೆ. ಎರಡನ್ನೂ ಸೇರಿಸಿದರೆ 13, 14 ಸ್ಟಾಪ್ ದಾಟುತ್ತದೆ.

ಒಳ್ಳೆಯ ಫುಲ್ ಫ್ರೇಮ್ (ದೊಡ್ಡ ಅಳತೆಯ) ಸೆನ್ಸರ್ ಕಡಿಮೆ ಐಎಸ್ಒನಲ್ಲಿ ಸುಮಾರು 14 ಸ್ಟಾಪ್ ಹಿಡಿಯುತ್ತದೆ ಅಂತ ಲೆಕ್ಕ. ಆದರೆ ತಳದ ಮೂರ್ನಾಲ್ಕು ಸ್ಟಾಪ್‌ನಲ್ಲಿ ಕಾಳು ಕಾಳಾಗಿ ನಾಯ್ಸ್ ತುಂಬಿರುತ್ತದೆ, ಎತ್ತಿದರೆ ಚೆನ್ನಾಗಿ ಕಾಣುವುದಿಲ್ಲ. ನಮ್ಮ ಕಣ್ಣು ಬೇರೆ ಥರ. ಅದು ನೀರಿನ ಕಡೆ ತಿರುಗಿದಾಗ ಪಾಪೆ ಕಿರಿದಾಗುತ್ತದೆ, ಮೂರ್ತಿಯ ಕಡೆ ತಿರುಗಿದಾಗ ಹಿಗ್ಗುತ್ತದೆ, ಮಿದುಳು ಎಲ್ಲವನ್ನೂ ಒಂದೇ ನೋಟವಾಗಿ ಹೊಲಿಯುತ್ತದೆ. ಎಚ್‌ಡಿಆರ್ ಮಾಡುವುದೂ ಇದನ್ನೇ. ಬೇರೆ ಬೇರೆ ಬೆಳಕಿನಲ್ಲಿ ಅದೇ ದೃಶ್ಯದ ಕೆಲವು ಫೋಟೊ ತೆಗೆದು, ಒಂದೊಂದರಲ್ಲಿ ಚೆನ್ನಾಗಿ ಬಂದಿರುವ ಭಾಗವನ್ನು ಸೇರಿಸುವುದು.

ಈ ಯೋಚನೆ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಸಮುದ್ರದ ಫೋಟೊಗಳಿಗೆ ಆಕಾಶಕ್ಕೊಂದು ನೆಗೆಟಿವ್, ನೀರಿಗೊಂದು ನೆಗೆಟಿವ್ ಬಳಸಿ ಒಂದೇ ಪ್ರಿಂಟ್ ಮಾಡಿದ್ದಾನೆ. ಆಗಿನ ಪ್ಲೇಟ್‌ಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದವು, ಆಕಾಶ ಬೆಳ್ಳಗಾಗಿಬಿಡುತ್ತಿತ್ತು. ಡಿಜಿಟಲ್ ಕಾಲದಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಬರೆದ ಪ್ರಬಂಧ ಇದಕ್ಕೆ ಗಟ್ಟಿ ಗಣಿತ ಕೊಟ್ಟಿತು. ಐಫೋನಿಗೆ 2010ರಲ್ಲಿ ಎಚ್‌ಡಿಆರ್ ಬಂತು. ಈಗ ಪ್ರತಿಯೊಂದು ಫೋನೂ ನಿಮ್ಮನ್ನು ಕೇಳದೆಯೇ ಅದನ್ನು ಮಾಡುತ್ತಿರುತ್ತದೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಟಿವಿ ಡಬ್ಬಿಯ ಮೇಲೆ ಎಚ್‌ಡಿಆರ್ ಅಂತ ಬರೆದಿರುತ್ತದಲ್ಲ, ಅದು ಪರದೆ ಎಷ್ಟು ಪ್ರಖರವಾಗಿ ತೋರಿಸಬಲ್ಲದು ಅನ್ನುವ ವಿಷಯ. ನಾವು ಮಾತಾಡುತ್ತಿರುವುದು ತದ್ವಿರುದ್ಧ ಸಮಸ್ಯೆ: ಬಹಳ ಬೆಳಕಿನ ಅಂತರವನ್ನು ಸಾಧಾರಣ ಪರದೆಗೋ ಕಾಗದಕ್ಕೋ ಇಳಿಸುವುದು. ಈ ಇಳಿಸುವ ಕೆಲಸಕ್ಕೆ ಟೋನ್ ಮ್ಯಾಪಿಂಗ್ ಅನ್ನುತ್ತಾರೆ. ರುಚಿ ಕೆಡುವುದು ಹೆಚ್ಚಾಗಿ ಅಲ್ಲೇ.

ಮೊದಲು ಕೇಳಿಕೊಳ್ಳಿ: ಬೇಕಾ?

ಆಗುಂಬೆಯ ಮಂಜಿಗೆ ಎಚ್‌ಡಿಆರ್ ಬೇಡ. ಅಲ್ಲಿ ಬೆಳಕಿನ ಅಂತರವೇ ಕಡಿಮೆ, ಜಾಸ್ತಿ ಮಾಡಿದರೆ ಮಂಜಿನ ಮೆದು ಹೋಗಿ ಹೊಗೆಯ ಥರ ಕಾಣುತ್ತದೆ. ಮೋಡ ಕವಿದ ದಿನ ಬೇಡ. ಸಂಜೆ ಸೂರ್ಯನ ಮುಂದೆ ತೆಂಗಿನ ಮರ ಕಪ್ಪಗೆ ನಿಂತಿದ್ದರೆ ದಯವಿಟ್ಟು ಬೇಡ. ಆ ಕಪ್ಪು ಆಕಾರಕ್ಕೇ ಅಲ್ವಾ ನೀವು ನಿಂತಿದ್ದು? ಅದರ ಗರಿ ಗರಿಯಲ್ಲೂ ಹಸಿರು ಹುಡುಕುವುದು ಯಾಕೆ?

ಇನ್ನೊಂದು ಪರೀಕ್ಷೆ ಮಾಡಿ. ರಾ ಫೈಲ್‌ನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್‌ನಲ್ಲಿ, ಒಂದೇ ಒಂದು ಫೋಟೊ ತೆಗೆಯಿರಿ, ಬೆಳಕಿನ ಭಾಗ ಸುಡದ ಹಾಗೆ. ಕಂಪ್ಯೂಟರಿನಲ್ಲಿ ಶ್ಯಾಡೋ ಎತ್ತಿ ನೋಡಿ. ಕತ್ತಲೆಯ ಭಾಗ ನಾಯ್ಸ್ ಇಲ್ಲದೆ, ಬಣ್ಣ ಕೆಡದೆ ಬಂದರೆ ಅಷ್ಟೇ ಸಾಕು. ಹೊಸ ಕ್ಯಾಮೆರಾಗಳಲ್ಲಿ ಹತ್ತರಲ್ಲಿ ಏಳು ಸಲ ನನಗೆ ಅಷ್ಟೇ ಸಾಕಾಗಿದೆ. ರಾ ಅಂತ ಒತ್ತಿ ಹೇಳಲು ಕಾರಣ ಇದೆ. 14 ಬಿಟ್ ರಾ ಫೈಲ್‌ನಲ್ಲಿ ಒಂದೊಂದು ಬಣ್ಣಕ್ಕೆ 16,384 ಮೆಟ್ಟಿಲು ಇರುತ್ತವೆ, ಜೆಪೆಗ್‌ನಲ್ಲಿ 256. ಜೆಪೆಗ್‌ನಲ್ಲಿ ಕತ್ತಲೆ ಎತ್ತಿದರೆ ಆ ಕೆಲವೇ ಮೆಟ್ಟಿಲು ಹಿಗ್ಗಿ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ.

ಗುಹೆಯ ಒಳಗಿನಿಂದ ಹೊರಗೆ ನೋಡುವಾಗ, ಹಳೇ ತೊಟ್ಟಿಮನೆಯಲ್ಲಿ ಮೂಲೆಯ ಕೋಣೆಯಿಂದ ಬಿಸಿಲು ಬಿದ್ದ ತೊಟ್ಟಿಯ ಕಡೆ ನೋಡುವಾಗ, ಕಿಟಕಿ ಫ್ರೇಮಿನಲ್ಲಿ ಇರುವ ಯಾವುದೇ ಕೋಣೆಯಲ್ಲಿ, ಆಗ ಒಂದು ಫೋಟೊ ಸಾಲದು. ಅಲ್ಲಿ ಎಚ್‌ಡಿಆರ್ ಕೈಹಿಡಿಯುತ್ತದೆ.

ತೆಗೆಯುವ ಕೆಲಸ

ಟ್ರೈಪಾಡ್ ಇದ್ದರೆ ಒಳ್ಳೆಯದು, ಆದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಅಲ್ಲಿಗೆ ಹೋಗಿ ಗೇಟಿನಲ್ಲಿ ವಾದ ಮಾಡಬೇಡಿ, ಅನುಮತಿ ಇಲ್ಲದಿದ್ದರೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಕ್ಯಾಮೆರಾವನ್ನು ಮ್ಯಾನ್ಯುಯಲ್ ಅಥವಾ ಅಪರ್ಚರ್ ಪ್ರಯಾರಿಟಿಗೆ ಇಡಿ. ಅಪರ್ಚರ್ ಎಫ್ 8, ಐಎಸ್ಒ 100. ಇವೆರಡೂ ಎಲ್ಲ ಫೋಟೊಗಳಲ್ಲೂ ಒಂದೇ ಇರಬೇಕು. ಅಪರ್ಚರ್ ಬದಲಾದರೆ ಫೋಕಸ್‌ನ ಆಳ ಬದಲಾಗಿ ಒಂದರ ಮೇಲೊಂದು ಕೂರುವುದಿಲ್ಲ. ಬದಲಾಗಬೇಕಾದ್ದು ಷಟರ್ ವೇಗ ಮಾತ್ರ. ಆಟೋ ಐಎಸ್ಒ ಆಫ್ ಮಾಡಿದ್ದೀರಾ ಅಂತ ಎರಡು ಸಲ ನೋಡಿ. ಅದು ಆನ್ ಇದ್ದರೆ ಕ್ಯಾಮೆರಾ ಷಟರ್ ಬದಲು ಐಎಸ್ಒ ಏರಿಸಿಬಿಡುತ್ತದೆ, ಮನೆಗೆ ಬಂದ ಮೇಲೇ ಗೊತ್ತಾಗುವುದು.

ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಆಟೋದಲ್ಲಿ ಬಿಡಬೇಡಿ, ಡೇಲೈಟ್‌ಗೆ ಕಟ್ಟಿಹಾಕಿ. ರಾ ಫೈಲ್‌ನಲ್ಲಿ ಆಮೇಲೂ ಬದಲಾಯಿಸಬಹುದು, ನಿಜ. ಆದರೂ ಐದು ಫ್ರೇಮೂ ಒಂದೇ ಬಣ್ಣದಲ್ಲಿ ಕಂಡರೆ ಸ್ಥಳದಲ್ಲೇ ಹೋಲಿಸಿ ನೋಡಲು ಸುಲಭ. ಫೋಕಸ್ ಒಮ್ಮೆ ಆಟೋದಲ್ಲಿ ಮಾಡಿ, ನನ್ನ ಫ್ರೇಮಿನಲ್ಲಿ ಅದು ವಿಷ್ಣುವಿನ ಕಿರೀಟದ ಅಂಚು, ತಕ್ಷಣ ಮ್ಯಾನ್ಯುಯಲ್‌ಗೆ ತಿರುಗಿಸಿ. ಇಲ್ಲದಿದ್ದರೆ ಕತ್ತಲೆಯಲ್ಲಿ ಲೆನ್ಸ್ ಹಿಂದೆ ಮುಂದೆ ಹುಡುಕಾಡುತ್ತಾ ಒಂದು ಫ್ರೇಮ್ ಮಸುಕಾಗಿಸುತ್ತದೆ.

ಈಗ ಬ್ರಾಕೆಟಿಂಗ್, ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನಲ್ಲಿ ಸಾಲಾಗಿ ತೆಗೆಯುವುದು. ಕ್ಯಾಮೆರಾ ಮೆನುವಿನಲ್ಲಿ ಎಇಬಿ ಅಂತಲೋ ಬ್ರಾಕೆಟ್ ಅಂತಲೋ ಇರುತ್ತದೆ. 5 ಫ್ರೇಮ್, 2 ಸ್ಟಾಪ್ ಅಂತರ. ಆವತ್ತು ನನಗೆ ಬಂದ ಷಟರ್ ವೇಗಗಳು ಹೀಗಿದ್ದವು: 1/500, 1/125, 1/30, 1/8, 1/2. ನಿಮ್ಮ ಕ್ಯಾಮೆರಾದಲ್ಲಿ 3 ಫ್ರೇಮ್ ಮಾತ್ರ ಆಗುವುದಾದರೂ ಚಿಂತೆಯಿಲ್ಲ. ಮ್ಯಾನ್ಯುಯಲ್‌ನಲ್ಲಿ ಷಟರ್ ಚಕ್ರ ತಿರುಗಿಸುತ್ತಾ ಒಂದೊಂದಾಗಿ ತೆಗೆಯಿರಿ, ಕ್ಯಾಮೆರಾ ಅಲುಗಾಡಬಾರದು ಅಷ್ಟೇ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬಟನ್ ಒತ್ತುವ ಅಲುಗಾಟವೂ ತಪ್ಪುತ್ತದೆ.

ಎಷ್ಟು ಫ್ರೇಮ್ ಸಾಕು ಅನ್ನುವುದನ್ನು ಹಿಸ್ಟೋಗ್ರಾಮ್ ಹೇಳುತ್ತದೆ, ಅದು ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ, ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು. ಅತ್ಯಂತ ಕತ್ತಲೆಯ ಫ್ರೇಮಿನಲ್ಲಿ ಗುಡ್ಡ ಬಲಗಡೆ ಗೋಡೆಗೆ ತಾಗಿರಬಾರದು, ಅಂದರೆ ಹೊರಗಿನ ಮೋಡ ಸುಟ್ಟಿಲ್ಲ. ಅತ್ಯಂತ ಬೆಳಕಿನ ಫ್ರೇಮಿನಲ್ಲಿ ಒಳಗೋಡೆಯ ಭಾಗ ಎಡಗಡೆಗೆ ಒತ್ತಿಕೊಂಡಿರದೆ ನಡುವಿಗೆ ಬಂದಿರಬೇಕು. ಎರಡೂ ತುದಿ ಸಿಕ್ಕಿದರೆ ಮುಗಿಯಿತು. ಸುಮ್ನೆ ಒಂಬತ್ತು ಫ್ರೇಮ್ ತೆಗೆದರೆ ಫೋಟೊ ಚೆನ್ನಾಗಾಗುವುದಿಲ್ಲ, ಕಾರ್ಡ್ ತುಂಬುತ್ತದೆ, ಮತ್ತು ಆ ಹೊತ್ತಿನಲ್ಲಿ ಏನಾದರೊಂದು ಅಲುಗಾಡಿರುತ್ತದೆ.

ಅಲುಗಾಡುವುದು ಅಂದಾಗ ಬಾದಾಮಿಯ ಮಂಗಗಳನ್ನು ಹೇಳಲೇಬೇಕು. ಮೊದಲನೇದು, ಚೀಲದ ಜಿಪ್ ಹಾಕಿರಿ, ತಿಂಡಿ ಹೊರಗೆ ಇಡಬೇಡಿ. ಎರಡನೇದು, ಫ್ರೇಮಿನಲ್ಲಿ ಮಂಗ ಇದ್ದರೆ ಐದು ಫೋಟೊದಲ್ಲಿ ಅದು ಐದು ಕಡೆ ಇರುತ್ತದೆ, ಸೇರಿಸಿದಾಗ ಅರೆಪಾರದರ್ಶಕ ಮಂಗ ಒಂದು ಕಂಬಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ. ಜನ, ಹಕ್ಕಿ, ಗಾಳಿಗೆ ಅಲುಗಾಡುವ ಎಲೆ, ಬಾವುಟ ಎಲ್ಲಕ್ಕೂ ಇದೇ ಕಥೆ. ಕಾಯಿರಿ. ಜಾಗ ಖಾಲಿಯಾದ ಇಪ್ಪತ್ತು ಸೆಕೆಂಡ್ ಸಾಕು.

ಟ್ರೈಪಾಡ್ ಇಲ್ಲದವರಿಗೆ: ಕ್ಯಾಮೆರಾ ಚೀಲವನ್ನು ನೆಲದ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಒತ್ತಿ ಕೂರಿಸಿ. ಗುಹೆಯಲ್ಲಿ ಈ ಕೆಳಗಿನ ಕೋನ ನಿಂತು ತೆಗೆಯುವುದಕ್ಕಿಂತ ಎಷ್ಟೋ ಸಲ ಚೆನ್ನಾಗಿರುತ್ತದೆ, ನೆಲದ ಮೇಲೆ ಹರಡಿದ ಬೆಳಕು ಫ್ರೇಮಿಗೆ ಬರುತ್ತದೆ. ಕೆತ್ತನೆಯ ಮೇಲೆ, ಮೂರ್ತಿಯ ಪೀಠದ ಮೇಲೆ ಏನೂ ಇಡಬೇಡಿ. ಈ ಗುಹೆ ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಳೇಶ ಮಾಡಿಸಿದ್ದು ಅಂತ ಅಲ್ಲಿನ ಶಾಸನವೇ ಹೇಳುತ್ತದೆ. ಮೆದು ಮರಳುಗಲ್ಲು ಬೇರೆ, ನಮ್ಮ ಫೋಟೊಗಾಗಿ ಅದರ ಒಂದು ಕಣವೂ ಉದುರಬಾರದು. ಕೈಯಲ್ಲೇ ಹಿಡಿದು ತೆಗೆಯುವುದಾದರೆ ಐಎಸ್ಒ 800ಕ್ಕೆ ಏರಿಸಿ. ಆಗ ಅರ್ಧ ಸೆಕೆಂಡ್ ಬೇಕಿದ್ದ ಕಡೆ 1/15 ಸಾಕು. ಕ್ಯಾಮೆರಾ ಅಥವಾ ಲೆನ್ಸ್‌ನಲ್ಲಿ ಸ್ಟೆಬಿಲೈಸೇಶನ್ ಇದ್ದರೆ, ಉಸಿರು ಬಿಟ್ಟು ಮೊಣಕೈ ಪಕ್ಕೆಗೆ ಒತ್ತಿ ಹಿಡಿದರೆ ಬರುತ್ತದೆ. ಬರ್ಸ್ಟ್ ಮೋಡ್‌ನಲ್ಲಿ ಐದೂ ಒಟ್ಟಿಗೆ ಓಡಲಿ.

ಹೊತ್ತು ಕೂಡ ನೋಡಿ. ನಡುಮಧ್ಯಾಹ್ನ ಅಂತರ ವಿಪರೀತ. ಬಿಸಿಲು ಸ್ವಲ್ಪ ಇಳಿದ ಮೇಲೆ ಅದೇ ಜಾಗದಲ್ಲಿ ಎರಡು ಮೂರು ಸ್ಟಾಪ್ ಕಡಿಮೆಯಾಗಿರುತ್ತದೆ, ನಿಮ್ಮ ಕೆಲಸ ಅರ್ಧ ಸೂರ್ಯನೇ ಮಾಡಿಕೊಟ್ಟ ಹಾಗೆ.

ಹೊರಡುವ ಮೊದಲು ಒಂದು ಕೆಲಸ. ಇದನ್ನು ಯಾರೂ ಮಾಡುವುದಿಲ್ಲ, ನೀವು ಮಾಡಿ. ಕ್ಯಾಮೆರಾ ಕೆಳಗಿಟ್ಟು ಎರಡು ನಿಮಿಷ ಸುಮ್ನೆ ನೋಡಿ, ಫೋನಿನಲ್ಲಿ ಎರಡು ಸಾಲು ಬರೆದುಕೊಳ್ಳಿ. ಎಲ್ಲಿ ಅತಿ ಬೆಳಕು, ಎಲ್ಲಿ ಪೂರ್ತಿ ಕತ್ತಲೆ, ಕಲ್ಲಿನ ಬಣ್ಣ ಯಾವ ಥರ. ನಾನು ಎರಡನೇ ಸಲ ಹೋದಾಗ ಬರೆದುಕೊಂಡದ್ದು: "ನೆಲದ ಮೇಲೆ ಬೆಳಕು ಮೂರು ಹೆಜ್ಜೆ ಒಳಗೆ ಬಂದು ನಿಂತಿದೆ. ವಿಷ್ಣುವಿನ ಮೊಣಕಾಲು ಸ್ಪಷ್ಟ, ಮುಖ ಅರ್ಧ. ಚಾವಣಿ ಮೂಲೆ ಕಾಣುವುದೇ ಇಲ್ಲ. ಕಲ್ಲು ಒಳಗೆ ಕಂದು, ಅಂಚಿನಲ್ಲಿ ಮಾತ್ರ ಕೆಂಪು." ವಾರದ ನಂತರ ಕಂಪ್ಯೂಟರ್ ಮುಂದೆ ಕೂತಾಗ ನೆನಪು ಮೋಸ ಮಾಡುತ್ತದೆ, ಈ ನಾಲ್ಕು ಮಾತು ಮಾಡುವುದಿಲ್ಲ.

ಸೇರಿಸುವುದು

ಫೋಟೊ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್ ಇರುವವರು ಐದೂ ಫೋಟೊ ಆರಿಸಿ ಫೋಟೊ ಮರ್ಜ್‌ನಲ್ಲಿ ಎಚ್‌ಡಿಆರ್ ಒತ್ತಿ. ಆಟೋ ಅಲೈನ್ ಟಿಕ್ ಇರಲಿ. ಆಟೋ ಸೆಟ್ಟಿಂಗ್ಸ್ ಟಿಕ್ ತೆಗೆಯಿರಿ, ಯಾಕೆಂದರೆ ಅದು ಎಲ್ಲ ಕತ್ತಲೆಯನ್ನೂ ಎತ್ತಿಟ್ಟು ಕೊಡುತ್ತದೆ, ಆಮೇಲೆ ಅದೇ ಸರಿ ಅಂತ ನಿಮ್ಮ ಕಣ್ಣು ಒಪ್ಪಿಕೊಂಡುಬಿಡುತ್ತದೆ. ಡಿಘೋಸ್ಟ್ (ಅಲುಗಾಡಿದ್ದರ ಅರೆಪಾರದರ್ಶಕ ಗುರುತು ತೆಗೆಯುವ ಆಯ್ಕೆ) ಮೊದಲು ನನ್ ಇಟ್ಟು ನೋಡಿ. ಅಲುಗಾಡಿದ್ದು ಕಂಡರೆ ಮಾತ್ರ ಲೋ. ಹೈ ಇಟ್ಟರೆ ಕೆಲವು ಭಾಗ ಒಂದೇ ಫ್ರೇಮಿನಿಂದ ಬಂದು ಅಲ್ಲಿ ನಾಯ್ಸ್ ಎದ್ದು ಕಾಣಬಹುದು. ಸಿಗುವುದು ಒಂದು ಡಿಎನ್‌ಜಿ ಫೈಲ್, ರಾ ಫೈಲ್ ಥರವೇ ತಿದ್ದಬಹುದು. ಅದರಲ್ಲಿ ಎಕ್ಸ್‌ಪೋಶರ್ ಸ್ಲೈಡರ್ 5ರ ಬದಲು 10 ಸ್ಟಾಪ್‌ವರೆಗೆ ಓಡುತ್ತದೆ. ಓಡುತ್ತದೆ ಅಂತ ಓಡಿಸಬೇಕಿಲ್ಲ.

ದುಡ್ಡು ಕೊಡದೆ ಮಾಡಬೇಕೆಂದರೆ ಡಾರ್ಕ್‌ಟೇಬಲ್ ಇದೆ, ಅದರಲ್ಲೂ ರಾ ಫೈಲ್‌ಗಳನ್ನು ಎಚ್‌ಡಿಆರ್ ಆಗಿ ಸೇರಿಸಬಹುದು. ನನಗೆ ಅದಕ್ಕಿಂತ ಹಿಡಿಸಿದ್ದು ಫೋಟೊ ಹೊಲಿಯುವ ಹ್ಯುಗಿನ್ ಸಾಫ್ಟ್‌ವೇರ್ ಜೊತೆ ಬರುವ ಎನ್‌ಫ್ಯೂಸ್. ಅದು ನಿಜದಲ್ಲಿ ಎಚ್‌ಡಿಆರ್ ಫೈಲ್ ಮಾಡುವುದೇ ಇಲ್ಲ. ಪ್ರತಿ ಫ್ರೇಮಿನಲ್ಲಿ ಚೆನ್ನಾಗಿ ಬೆಳಗಿದ ಭಾಗಕ್ಕೆ ಜಾಸ್ತಿ ತೂಕ ಕೊಟ್ಟು ನೇರವಾಗಿ ಬೆರೆಸುತ್ತದೆ, ಟೋನ್ ಮ್ಯಾಪಿಂಗ್ ಹಂತವೇ ಇಲ್ಲ. ಫಲಿತಾಂಶ ಸ್ವಲ್ಪ ಸಪ್ಪೆ ಅನಿಸುತ್ತದೆ. ಒಳ್ಳೆಯದೇ. ಸಪ್ಪೆಗೆ ಉಪ್ಪು ಹಾಕಬಹುದು, ಉಪ್ಪಾದದ್ದನ್ನು ಏನು ಮಾಡುವುದು?

ಹದ ಮಾಡುವುದು

ಎಲ್ಲರೂ ಮೊದಲು ಶ್ಯಾಡೋ ಸ್ಲೈಡರಿಗೆ ಕೈ ಹಾಕುತ್ತಾರೆ. ನಾನು ಹೇಳುವುದು, ಮೊದಲು ಎರಡು ತುದಿ ಕಟ್ಟಿ. ಫೋಟೊದಲ್ಲಿ ಎಲ್ಲಿ ಬಿಳಿ ಇರಬೇಕು? ನನ್ನ ಫ್ರೇಮಿನಲ್ಲಿ ಹೊರಗಿನ ಮೋಡದ ಅಂಚು. ಅದು ಬಿಳಿಯಾಗೇ ಇರಲಿ, ಬೂದಿಯಾಗಬಾರದು. ಎಲ್ಲಿ ಕಪ್ಪು ಇರಬೇಕು? ಚಾವಣಿಯ ಮೂಲೆ. ಅದು ಕಪ್ಪಾಗೇ ಇರಲಿ. ವೈಟ್ಸ್ ಮತ್ತು ಬ್ಲ್ಯಾಕ್ಸ್ ಸ್ಲೈಡರ್ ಇರುವುದೇ ಇದಕ್ಕೆ. ಈ ಎರಡು ಗೂಟ ನೆಟ್ಟ ಮೇಲೆ ನಡುವೆ ಏನು ಮಾಡಿದರೂ ಫೋಟೊ ದಾರಿ ತಪ್ಪುವುದು ಕಷ್ಟ. ಕೆಟ್ಟ ಎಚ್‌ಡಿಆರ್ ನೋಡಿದಾಗ ನಮಗೆ ಕಿರಿಕಿರಿ ಯಾಕೆ ಆಗುತ್ತದೆ ಅಂದರೆ, ಅದರಲ್ಲಿ ಬಿಳಿಯೂ ಇರುವುದಿಲ್ಲ ಕಪ್ಪೂ ಇರುವುದಿಲ್ಲ, ಎಲ್ಲವೂ ನಡುವಿನ ಬೂದು ಬಣ್ಣದಲ್ಲಿ ತಳ್ಳಾಡುತ್ತಿರುತ್ತದೆ.

ಆಮೇಲೆ ಹೈಲೈಟ್ ಇಳಿಸಿ, ಶ್ಯಾಡೋ ಎತ್ತಿ, ಎರಡೂ ನಿಧಾನಕ್ಕೆ. ಇಲ್ಲಿ ಒಂದೇ ಒಂದು ನಿಯಮ ನೆನಪಿಡಿ: ಬೆಳಕಿನ ಸರದಿ ತಿರುಗಬಾರದು. ಆ ಜಾಗದಲ್ಲಿ ಅತಿ ಬೆಳಕು ಆಕಾಶ, ಆಮೇಲೆ ನೀರು, ಆಮೇಲೆ ನೆಲದ ಮೇಲಿನ ಬೆಳಕು, ಕಂಬದ ಹೊರಮೈ, ವಿಷ್ಣುವಿನ ಮೊಣಕಾಲು, ಮುಖ, ಕೊನೆಗೆ ಚಾವಣಿ. ಅಂತರ ಕಡಿಮೆ ಮಾಡಿ, ತೊಂದರೆಯಿಲ್ಲ. ಆದರೆ ಮುಖ ನೀರಿಗಿಂತ ಬೆಳ್ಳಗಾದರೆ ನೋಡುವವರಿಗೆ ಏನೋ ಸುಳ್ಳು ಅನಿಸುತ್ತದೆ, ಯಾಕೆ ಅಂತ ಹೇಳಲು ಬರದಿದ್ದರೂ. ಅಮ್ಮ ಟ್ಯೂಬ್‌ಲೈಟ್ ಕೇಳಿದ್ದು ಇದಕ್ಕೇ. ನನ್ನ ಮೊದಲ ಫೋಟೊದಲ್ಲಿ ಒಳಗೋಡೆ ಹೊರಗಿನ ನೀರಿಗಿಂತ ಬೆಳಗುತ್ತಿತ್ತು. ಹೊರಗಿನಿಂದ ಬರುವ ಬೆಳಕಿನಲ್ಲೇ ಬೆಳಗುವ ಗೋಡೆ ಹೊರಗಿಗಿಂತ ಬೆಳ್ಳಗಿರಲು ಹೇಗೆ ಸಾಧ್ಯ?

ಈ ಸರದಿ ನೋಡಲು ಸುಲಭ ಉಪಾಯ ಇದೆ. ಫೋಟೊವನ್ನು ಕಪ್ಪು ಬಿಳುಪಿಗೆ ಬದಲಾಯಿಸಿ, ಬೆರಳಿನಷ್ಟು ಚಿಕ್ಕದು ಮಾಡಿ. ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ಅಷ್ಟು ಚಿಕ್ಕದರಲ್ಲೂ ಗೊತ್ತಾಗಬೇಕು. ಗೊತ್ತಾಗದಿದ್ದರೆ ಶ್ಯಾಡೋ ಜಾಸ್ತಿ ಎತ್ತಿದ್ದೀರಿ.

ಮುಂದಿನದು ಪ್ರಭೆ. ಕಪ್ಪು ಕಂಬ ಬಿಳಿ ಆಕಾಶಕ್ಕೆ ತಾಗುವ ಕಡೆ, ಅಂಚಿನ ಉದ್ದಕ್ಕೂ ಒಂದು ಬಿಳಿ ಹೊಳಪು ಬರುತ್ತದಲ್ಲ, ಕಂಬಕ್ಕೆ ಹಿಂದಿನಿಂದ ದೀಪ ಹಿಡಿದ ಹಾಗೆ, ಅದು. ಸಾಫ್ಟ್‌ವೇರ್ ಪ್ರತಿ ಭಾಗದ ಕಾಂಟ್ರಾಸ್ಟ್ ಅನ್ನು ಅದರ ಸುತ್ತಲಿನ ಭಾಗಕ್ಕೆ ಹೋಲಿಸಿ ಏರಿಸುವಾಗ, ಗಡಿಯಲ್ಲಿ ಎರಡೂ ಕಡೆಯ ಲೆಕ್ಕ ಬೆರೆತು ಹೀಗಾಗುತ್ತದೆ. ನೂರು ಶೇಕಡಾ ಹಿಗ್ಗಿಸಿ ಕಂಬದ ಅಂಚನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ಕಂಡರೆ ಹೈಲೈಟ್ ಮತ್ತು ಶ್ಯಾಡೋ ಎರಡನ್ನೂ ಮೂರನೇ ಒಂದು ಭಾಗ ವಾಪಸ್ ತನ್ನಿ, ಕ್ಲಾರಿಟಿ (ವಿವರ ಎದ್ದು ಕಾಣಿಸುವ ಸ್ಲೈಡರ್) ಸೊನ್ನೆಗೆ ತನ್ನಿ. ಅಂಚಿನಲ್ಲಿ ನೇರಳೆ ಅಥವಾ ಹಸಿರು ಗೆರೆ ಇದ್ದರೆ ಅದು ಲೆನ್ಸ್‌ನ ದೋಷ, ಕ್ರೊಮ್ಯಾಟಿಕ್ ಅಬೆರೇಶನ್ ಟಿಕ್ ಹಾಕಿದರೆ ಹೆಚ್ಚಿನದು ಹೋಗುತ್ತದೆ.

ಕ್ಲಾರಿಟಿ, ಟೆಕ್ಸ್‌ಚರ್, ಡೀಹೇಜ್ ಈ ಮೂವರ ಬಗ್ಗೆ ಒಂದು ಮಾತು. ಕಲ್ಲಿನ ಫೋಟೊಗೆ ಇವು ಸೆಳೆತ. ಸ್ವಲ್ಪ ಹಾಕಿದ ಕೂಡಲೇ ಉಳಿಯ ಗುರುತು ಎದ್ದು ಬರುತ್ತದೆ, ಇನ್ನೂ ಸ್ವಲ್ಪ ಅನಿಸುತ್ತದೆ. ಆದರೆ ಬಾದಾಮಿಯ ಶಿಲ್ಪಿ ವಿಷ್ಣುವಿನ ಕೆನ್ನೆಯನ್ನು ನುಣುಪಾಗಿ ತೀಡಿ, ಹಿಂದಿನ ಗೋಡೆಯನ್ನು ಒರಟಾಗಿ ಬಿಟ್ಟಿದ್ದಾನೆ. ಇಡೀ ಫೋಟೊಗೆ ಕ್ಲಾರಿಟಿ ಎಳೆದರೆ ಕೆನ್ನೆಯೂ ಗೋಡೆಯಷ್ಟೇ ಒರಟಾಗುತ್ತದೆ. ಅವನು ಮಾಡಿದ ವ್ಯತ್ಯಾಸವನ್ನೇ ನಾವು ಅಳಿಸಿದ ಹಾಗೆ. ಬೇಕಿದ್ದರೆ ಬ್ರಷ್ ಹಿಡಿದು ಕಿರೀಟಕ್ಕೆ, ಶೇಷನ ಹೆಡೆಗೆ ಮಾತ್ರ 10ರಷ್ಟು ಹಾಕಿ. ಆಕಾಶಕ್ಕೆ ಮತ್ತು ಚರ್ಮಕ್ಕೆ ಬೇಡವೇ ಬೇಡ.

ಬಣ್ಣ. ಇಲ್ಲೇ ಬಾದಾಮಿ ಫೋಟೊಗಳು ಹೆಚ್ಚು ಕೆಡುವುದು. ಅಲ್ಲಿನ ಮರಳುಗಲ್ಲು ಕೆಂಪು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಕೆಂಪು ಏರಿಸುತ್ತಾರೆ. ಕತ್ತಲೆ ಎತ್ತಿದಾಗ ಬಣ್ಣವೂ ಜೊತೆಗೇ ಎದ್ದು ಬರುತ್ತದೆ, ಅದರ ಮೇಲೆ ಸ್ಯಾಚುರೇಶನ್ ಹಾಕಿದರೆ ಕಲ್ಲು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನಿಜದಲ್ಲಿ ನೆರಳಿನ ಕಲ್ಲಿಗೆ ಆಕಾಶದ ನೀಲಿ ಬೆಳಕೂ ಬೀಳುತ್ತದೆ, ಬಿಸಿಲು ನೆಲಕ್ಕೆ ತಾಗಿ ಚಿಮ್ಮಿದ ಬೆಚ್ಚನೆ ಬೆಳಕೂ ಬೀಳುತ್ತದೆ. ಒಂದೇ ಗೋಡೆಯ ಮೇಲ್ಭಾಗ ತಣ್ಣಗೆ, ಕೆಳಭಾಗ ಬೆಚ್ಚಗೆ ಇರುವುದು ಇದರಿಂದಲೇ. ಆ ಎರಡು ಛಾಯೆ ಉಳಿದರೆ ಫೋಟೊಗೆ ಜೀವ. ಸೇರಿಸಿದ ಮೇಲೆ ಸ್ಯಾಚುರೇಶನ್ 5ರಿಂದ 10 ಇಳಿಸಿ ಶುರು ಮಾಡಿ, ಬರೆದುಕೊಂಡ ಸಾಲು ತೆಗೆದು ಓದಿ, ಆಮೇಲೆ ಬೇಕಾದರೆ ಕೆಂಪು ಒಂದನ್ನೇ ಸ್ವಲ್ಪ ಮುಟ್ಟಿ.

ಹಾಗೆಯೇ ಊರು ಬದಲಾದರೆ ಕಲ್ಲೂ ಬದಲಾಗುತ್ತದೆ. ಬೇಲೂರಿನ ಬಳಪದ ಕಲ್ಲು ಬೂದಿ ಹಸಿರು ಛಾಯೆಯದ್ದು, ಕಡೆದ ಕಂಬದ ಮೇಲೆ ಬೆಳಕು ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಆ ಹೊಳಪಿನ ಗೆರೆಯೇ ಅಲ್ಲಿನ ಪ್ರಾಣ, ಹೈಲೈಟ್ ಇಳಿಸುವ ಆತುರದಲ್ಲಿ ಅದನ್ನು ಕೊಲ್ಲಬೇಡಿ. ಹಂಪಿಯ ಬಂಡೆ ಗ್ರಾನೈಟ್, ಅದು ತಾನೇ ಕಾಳು ಕಾಳು, ಟೆಕ್ಸ್‌ಚರ್ ಹಾಕಿದರೆ ನಾಯ್ಸ್ ಯಾವುದು ಕಲ್ಲು ಯಾವುದು ಗೊತ್ತಾಗುವುದಿಲ್ಲ.

ಪದರ ಹಾಕಿ ಬೆರೆಸುವುದು

ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ದಾರಿ ಇದು. ಐದು ಫ್ರೇಮಿನಲ್ಲಿ ಯಾವುದು ಜಾಗದ ಮನಸ್ಸಿಗೆ ಹತ್ತಿರವೋ ಅದನ್ನು ಆರಿಸಿ. ನನಗೆ ಅದು 1/30ರ ಫ್ರೇಮ್: ಹೊರಗೆ ಜಾಸ್ತಿ ಬೆಳ್ಳಗೆ, ಒಳಗೆ ಜಾಸ್ತಿ ಕತ್ತಲೆ, ಆದರೂ ಅಲ್ಲಿ ನಿಂತಾಗಿನ ಭಾವ ಅದರಲ್ಲಿತ್ತು. ಫೋಟೊಶಾಪ್ ಅಥವಾ ಜಿಂಪ್‌ನಲ್ಲಿ ಅದನ್ನು ಕೆಳಗಿಡಿ. ಎಚ್‌ಡಿಆರ್ ಮಾಡಿದ್ದನ್ನು ಅದರ ಮೇಲೆ ಇನ್ನೊಂದು ಪದರವಾಗಿ ಹಾಕಿ ಒಪಾಸಿಟಿ (ಆ ಪದರ ಎಷ್ಟು ಕಾಣಬೇಕು ಅನ್ನುವ ಅಳತೆ) ಸೊನ್ನೆಗೆ ಇಳಿಸಿ. ಈಗ ಮೆಲ್ಲಗೆ ಏರಿಸುತ್ತಾ ಹೋಗಿ. 30, 40, 50. ಮುಖ ಮೂಡಿತು ಅನಿಸಿದಲ್ಲಿ ನಿಲ್ಲಿಸಿ. ಎಳೆಯುತ್ತಾ ಮೇಲಿನಿಂದ ಇಳಿಸಿದರೆ 80ಕ್ಕೇ ಸಾಕು ಅನಿಸುತ್ತದೆ, ಕೆಳಗಿನಿಂದ ಏರಿಸಿದರೆ 50ಕ್ಕೆ ಸಾಕು ಅನಿಸುತ್ತದೆ. ಯಾವಾಗಲೂ ಕೆಳಗಿನಿಂದಲೇ ಏರಿಸಿ.

ಒಂದು ಭಾಗಕ್ಕೆ ಮಾತ್ರ ಬೇಕಿದ್ದರೆ ಆ ಪದರಕ್ಕೆ ಕಪ್ಪು ಮಾಸ್ಕ್ (ಪದರವನ್ನು ಮರೆಮಾಡುವ ಮುಸುಕು) ಹಾಕಿ, ಮೆದು ಅಂಚಿನ ದೊಡ್ಡ ಬಿಳಿ ಬ್ರಷ್‌ನಿಂದ, ಫ್ಲೋ 10 ಇಟ್ಟುಕೊಂಡು, ಮುಖದ ಮೇಲೆ ಎರಡು ಮೂರು ಸಲ ಸವರಿ. ಹೊರಗಿನ ನೀರಿಗೆ 1/500 ಅಥವಾ 1/125ರ ಫ್ರೇಮಿನಿಂದ ಹೀಗೇ ತಂದುಕೊಳ್ಳಬಹುದು. ಚಾವಣಿಯನ್ನು ಮುಟ್ಟಬೇಡಿ. ಡಾರ್ಕ್‌ರೂಮಿನಲ್ಲಿ ಕೈ ಅಡ್ಡ ಹಿಡಿದು ಒಂದು ಭಾಗಕ್ಕೆ ಕಡಿಮೆ ಬೆಳಕು, ಇನ್ನೊಂದಕ್ಕೆ ಜಾಸ್ತಿ ಕೊಡುತ್ತಿದ್ದ ಹಾಗೆಯೇ ಇದು. ನಿಧಾನದ ಕೆಲಸ, ಅರ್ಧ ಗಂಟೆ ಹಿಡಿಯುತ್ತದೆ, ಆದರೆ ಪ್ರತಿ ನಿರ್ಧಾರ ನಿಮ್ಮದಾಗಿರುತ್ತದೆ.

ಫೋನಿನವರಿಗೆ

ನಿಮ್ಮ ಫೋನ್ ಈಗಾಗಲೇ ಹಲವು ಫ್ರೇಮ್ ಬೆರೆಸಿ ಕೊಡುತ್ತಿದೆ. ಹಾಗಾಗಿ ಅದರ ಮೇಲೆ ಇನ್ನೊಮ್ಮೆ ಎಚ್‌ಡಿಆರ್ ಫಿಲ್ಟರ್ ಹಾಕುವುದು ಎರಡು ಸಲ ಒಗ್ಗರಣೆ ಹಾಕಿದ ಹಾಗೆ. ಸ್ನ್ಯಾಪ್‌ಸೀಡ್‌ನ ಎಚ್‌ಡಿಆರ್ ಸ್ಕೇಪ್ ಹಾಕಲೇಬೇಕೆಂದರೆ 15, 20 ದಾಟಬೇಡಿ. ಮಾಡಬೇಕಾದ ಕೆಲಸ ತೆಗೆಯುವಾಗಲೇ ಇದೆ. ಪರದೆಯಲ್ಲಿ ಬೆಳಕಿನ ಭಾಗ ಮುಟ್ಟಿ, ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಫೋನ್‌ಗಳಿಗೆ ಎಲ್ಲವನ್ನೂ ಬೆಳಗಿಸುವ ಚಾಳಿ, ಇದು ಅದನ್ನು ತಡೆಯುತ್ತದೆ. ಫೋನನ್ನು ಎರಡು ಸೆಕೆಂಡ್ ಅಲುಗಾಡದೆ ಹಿಡಿಯಿರಿ. ತಿದ್ದುವಾಗ ಬ್ಲ್ಯಾಕ್ ಪಾಯಿಂಟ್ ಒಂದನ್ನು ಸ್ವಲ್ಪ ಏರಿಸಿದರೆ ಎಷ್ಟೋ ಸಲ ಬೇರೇನೂ ಬೇಕಾಗುವುದಿಲ್ಲ, ಕಳೆದ ಕತ್ತಲೆ ವಾಪಸ್ ಬರುತ್ತದೆ.

ಮಾರನೇ ದಿನ

ಮಾಡಿದ ರಾತ್ರಿಯೇ ಯಾರಿಗೂ ಕಳಿಸಬೇಡಿ. ಎರಡು ಗಂಟೆ ಅದೇ ಫೋಟೊ ನೋಡಿದ ಕಣ್ಣು ಬಣ್ಣಕ್ಕೆ ಒಗ್ಗಿಹೋಗಿರುತ್ತದೆ, ಜಾಸ್ತಿಯಾದದ್ದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಕಾಫಿಗೆ ಮೊದಲು ತೆರೆಯಿರಿ. ಮೊದಲ ಒಂದು ಕ್ಷಣದಲ್ಲಿ ಏನು ಅನಿಸಿತೋ ಅದು ನಿಜ. "ಒಳ್ಳೇ ಎಡಿಟ್" ಅನಿಸಿದರೆ ಇನ್ನೂ ಇಳಿಸಿ, "ಒಳ್ಳೇ ಜಾಗ" ಅನಿಸಿದರೆ ಬಿಡಿ. ಸ್ಕ್ರೀನಿನ ಬೆಳಕನ್ನು ಅರ್ಧಕ್ಕೆ ಇಳಿಸಿಟ್ಟು ನೋಡಿ, ಪೂರ್ತಿ ಪ್ರಖರತೆಯಲ್ಲಿ ಎಲ್ಲ ಫೋಟೊವೂ ಚೆನ್ನಾಗೇ ಕಾಣುತ್ತದೆ.

ಪ್ರಿಂಟ್ ಹಾಕಿಸುವುದಾದರೆ ಒಂದು ಸಣ್ಣ ಬದಲಾವಣೆ ಬೇಕು. ಕಾಗದ ತಾನಾಗಿ ಬೆಳಗುವುದಿಲ್ಲ, ಪರದೆಯಲ್ಲಿ ಕಂಡ ಕತ್ತಲೆಯ ವಿವರ ಕಾಗದದಲ್ಲಿ ಮುಳುಗುತ್ತದೆ. ಹಾಗಾಗಿ ಪ್ರಿಂಟಿಗಾಗಿಯೇ ಒಂದು ಪ್ರತಿ ಮಾಡಿ, ಅದರಲ್ಲಿ ಒಟ್ಟು ಬೆಳಕನ್ನು ಮೂರನೇ ಒಂದು ಸ್ಟಾಪ್ ಏರಿಸಿ. ಮೊದಲು ಆರು ನಾಲ್ಕು ಇಂಚಿನ ಒಂದು ಪ್ರಿಂಟ್ ತೆಗೆಸಿ, ಫೋಟೊ ಹಾಕುವ ಗೋಡೆಯ ಹತ್ತಿರವೇ, ಆ ಕೋಣೆಯ ಬೆಳಕಿನಲ್ಲೇ ಹಿಡಿದು ನೋಡಿ, ಆಮೇಲೆ ದೊಡ್ಡದಕ್ಕೆ ದುಡ್ಡು ಕೊಡಿ. ಹೊಳಪಿನ ಕಾಗದದಲ್ಲಿ ಕಪ್ಪು ಗಾಢವಾಗಿ ಬರುತ್ತದೆ, ಆದರೆ ಎದುರಿನ ಕಿಟಕಿ ಅದರಲ್ಲಿ ಪ್ರತಿಫಲಿಸುತ್ತದೆ. ಮ್ಯಾಟ್‌ನಲ್ಲಿ ಕಪ್ಪು ಸ್ವಲ್ಪ ತೆಳು, ಕಲ್ಲಿಗೆ ಮಾತ್ರ ಅದೇ ಹೊಂದುತ್ತದೆ. ನಮ್ಮ ಮನೆ ನಡುಮನೆಯಲ್ಲಿ ಈಗ ಇರುವುದು ಮ್ಯಾಟ್. ಸಂಜೆ ದೀಪ ಹಾಕುವ ಮೊದಲು ಅದರಲ್ಲಿ ಕಂಬದ ಸಾಲು ಮತ್ತು ನೀರು ಮಾತ್ರ ಕಾಣುತ್ತದೆ, ಹತ್ತಿರ ಹೋಗಿ ನಿಂತರೆ ವಿಷ್ಣುವಿನ ಮುಖ ಕಾಣುತ್ತದೆ.